ಚಿಮಣಿ ಹತ್ತಿದವರು, ಅಡಿಕೆ ಮರ ಹತ್ತುವವರು

ಹೊಸನಗರದ ಓದುಗರೊಬ್ಬರು ಕೇಳಿದ್ದಾರೆ: “ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಚಿಮಣಿ ಕೆಲಸದವರ ಸಾಕ್ಷ್ಯಚಿತ್ರಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಮೂವತ್ತು ವರ್ಷದಿಂದ ನಮ್ಮ ಅಡಿಕೆ ತೋಟಕ್ಕೆ ಬಂದು ಮರ ಹತ್ತಿ ಕೊನೆ (ಗೊನೆ) ಇಳಿಸುವ ಕೊನೆಗಾರರಂಥವರು ನಿಮಗೆ ಕಾಣಲಿಲ್ವಾ?”

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ಚಿತ್ರ ನೋಡುವಾಗ ನನಗೆ ನೆನಪಾದದ್ದೂ ಕೊನೆಗಾರರೇ. ಅದನ್ನು ಬರೆಯದೆ ಬಿಟ್ಟದ್ದು ನನ್ನ ತಪ್ಪು.

ಆ ಚಿತ್ರದಲ್ಲಿರುವವರು ಗಿರಣಿಗಳ ಎತ್ತರದ ಹೊಗೆ ಚಿಮಣಿ ಹತ್ತಿ ರಿಪೇರಿ ಮಾಡುತ್ತಿದ್ದ ಫ್ರೆಡ್ ಡಿಬ್ನಾ. ಅವರದು ಬೋಲ್ಟನ್, ಹತ್ತಿ ಗಿರಣಿಗಳ ಊರು. ಮೊದಲು ಕಲಿತದ್ದು ಬಡಗಿ ಕೆಲಸ. 1979ರಲ್ಲಿ ಬಿಬಿಸಿಯ ಚಿತ್ರ ಬರುವ ಹೊತ್ತಿಗೆ ಗಿರಣಿಗಳು ಮುಚ್ಚುತ್ತಿದ್ದವು. ರಿಪೇರಿ ಮಾಡುವ ಕೈಗೆ ಕೆಡವುವ ಕೆಲಸವೂ ಬಂದಿತ್ತು.

ಅವರು ಏಣಿ ಕಟ್ಟುವುದನ್ನು ನೋಡಬೇಕು. ಗೋಡೆಯಲ್ಲಿ ತೂತು ಕೊರೆದು ಮರದ ಬೆಣೆ ಬಡಿಯುತ್ತಾರೆ. ಅದಕ್ಕೆ ಕಬ್ಬಿಣದ ಗೂಟ ಹೊಡೆದು, ಏಣಿಯನ್ನು ಹಗ್ಗದಿಂದ ಬಿಗಿಯುತ್ತಾರೆ. ಅದರ ಮೇಲೆ ನಿಂತು ಮುಂದಿನ ಏಣಿ. ಕೆಡವಲು ಸಿಡಿಮದ್ದು ಬಳಸುವುದಿಲ್ಲ. ಬುಡದ ಇಟ್ಟಿಗೆಯನ್ನು ಒಂದು ಬದಿಯಿಂದ ಬಿಡಿಸುತ್ತಾ, ಬಿಡಿಸಿದಲ್ಲೆಲ್ಲ ಮರದ ಆಸರೆ ಕೊಟ್ಟು, ಕೊನೆಗೆ ಬೆಂಕಿ ಹಾಕುತ್ತಾರೆ. ಆಸರೆ ಉರಿದುಹೋದಾಗ ಚಿಮಣಿ ಅದೇ ಬದಿಗೆ ವಾಲಿ ಬೀಳುತ್ತದೆ. ಸುಮ್ನೆ ಧೈರ್ಯವಿದ್ದರೆ ಆಗುವ ಕೆಲಸ ಅಲ್ಲ ಇದು. ಪ್ರತಿ ಇಟ್ಟಿಗೆಯ ಲೆಕ್ಕ ಬೇಕು. ಕ್ಯಾಮೆರಾ ಆ ಲೆಕ್ಕವನ್ನು ಅವರ ಬಾಯಿಂದಲೇ ಕೇಳಿಸಿಕೊಂಡಿದೆ.

ಕೊನೆಗಾರರ ಬಗ್ಗೆ ನಾವು ಬರೆಯುವುದಾದರೂ ಏನು? “ಎಂಥಾ ಸಾಹಸ” ಅಂತ ಒಂದು ಮಾತು, “ಆಳು ಸಿಗ್ತಿಲ್ಲ” ಅಂತ ಇನ್ನೊಂದು. ಅಷ್ಟೇ ಅಲ್ವಾ? ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರಕ್ಕೆ ಕಾಲು ಕೊಡುವ ಮೊದಲು ಅವರು ಏನು ನೋಡುತ್ತಾರೆ? ಪಕ್ಕದ ಮರಕ್ಕೆ ದಾಟಲು ತೂಗಿದರೆ ಯಾವ ಮರ ಬಗ್ಗುತ್ತದೆ, ಯಾವುದು ಮುರಿಯುತ್ತದೆ ಅಂತ ಹೇಗೆ ಗೊತ್ತಾಗುತ್ತದೆ? ಮೈಲುತುತ್ತ, ಸುಣ್ಣ ಬೆರೆಸಿದ ಕೊಳೆರೋಗದ ಔಷಧಿಯನ್ನು ಗಾಳಿ ನೋಡಿಕೊಂಡು, ಒಂದೇ ಮರದ ಮೇಲಿಂದ ಸುತ್ತಲಿನ ಕೊನೆಗಳಿಗೂ ತಾಗುವಂತೆ ಹೊಡೆಯುತ್ತಾರಲ್ಲ, ಆ ಕೈ ಪಳಗಲು ಎಷ್ಟು ಮಳೆಗಾಲ ಬೇಕು? ನಾವು ಕೇಳಿಯೇ ಇಲ್ಲ.

ಈಗ ಫೈಬರ್ ದೋಟಿ, ಅಂದರೆ ತುದಿಗೆ ಕತ್ತಿ ಇರುವ ಉದ್ದನೆಯ ಕೋಲು, ಬಂದಿದೆ. ನೆಲದ ಮೇಲೆ ನಿಂತೇ ಕೊನೆ ತೆಗೆಯಬಹುದು. ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವುದು ತಪ್ಪುವುದಾದರೆ ಅದು ಬರಲಿ, ಎಲ್ಲ ತೋಟಕ್ಕೂ ಬರಲಿ. ಆದರೆ ಮರ ಹತ್ತುವವರು ಇನ್ನೂ ಇರುವಾಗಲೇ ಅವರನ್ನು ಕೇಳಿಕೊಳ್ಳಬೇಕು.

ನಿಮ್ಮ ಕೊನೆಗಾರರು ಒಪ್ಪಿದರೆ ಈ ಸಲದ ಕೊಯ್ಲಿಗೆ ಕ್ಯಾಮೆರಾ ಹಿಡಿದು ನಾವು ಬರುತ್ತೇವೆ. ಒಂದು ದಿನಕ್ಕಲ್ಲ, ನಿಮ್ಮ ತೋಟದ ಕೊನೆಕೊಯ್ಲು ಮುಗಿಯುವವರೆಗೂ ಇರುತ್ತೇವೆ. ಮೊದಲು ಅವರನ್ನು ಕೇಳಿ ತಿಳಿಸಿ.

– ಸಂಪಾದಕ