‘ಲೈನ್’ ಅಂದರೆ ಗೆರೆ ಅಷ್ಟೇನಾ? ಕಾರವಾರದಲ್ಲಿ ದಿನಾ ಬೇರೆ ಬೇರೆ ಅರ್ಥ ಕೇಳ್ತೀನಲ್ಲ!

ನಿಮ್ಮ ಪ್ರಶ್ನೆ ಓದಿ ನಗು ಬಂತು. ನನ್ನ ಹೊಟ್ಟೆಪಾಡೇ ಈ ಪದದ ಮೇಲೆ ನಿಂತಿದೆ. ಶಿರಸಿಯಲ್ಲಿ ಇಪ್ಪತ್ತು ವರ್ಷದಿಂದ ಎಲೆಕ್ಟ್ರಿಕಲ್ ಕಂತ್ರಾಟು ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ಎದ್ದು ಫೋನ್ ತೆಗೆದರೆ ಮೊದಲು ಕೇಳುವ ಮಾತೇ ‘ಲೈನ್ ಇಲ್ಲ, ಎಂತ ಮಾಡೋದು?’

ನೀವು ಬರೆದದ್ದು ಇಷ್ಟು: ಶಾಲೆಯಲ್ಲಿ ಲೈನ್ ಅಂದರೆ ಗೆರೆ ಅಂತ ಕಲಿತಿರಿ. ಕಾರವಾರಕ್ಕೆ ವರ್ಗವಾಗಿ ಬಂದ ಮೇಲೆ ‘ಲೈನ್ ಹೋಗಿದೆ’, ‘ಲೈನ್ ಕ್ಲಿಯರ್ ಸಿಕ್ಕಿಲ್ಲ’, ‘ನಾಳೆ ಅಂಕೋಲಾ ಲೈನ್’ ಅಂತೆಲ್ಲ ಕಿವಿಗೆ ಬೀಳುತ್ತಿದೆ. ಇದರಲ್ಲಿ ಗೆರೆ ಎಲ್ಲಿದೆ, ಒಟ್ಟು ಎಷ್ಟು ಅರ್ಥ ಅಂತ ಕೇಳಿದ್ದೀರಿ.

ಎಷ್ಟು ಅಂತ ಎಣಿಸೋಕೆ ಹೋಗಬೇಡಿ, ಮುಗಿಯೋದಿಲ್ಲ. ಅದರ ಬದಲು ಪದದ ಬೆನ್ನಿಗೆ ಬರುವ ಕ್ರಿಯಾಪದ ನೋಡಿ. ಲೈನ್ ಎಳೆದರೆ ತಂತಿ. ಲೈನ್ ಹೋದರೆ ಕರೆಂಟು. ಲೈನ್ ಸಿಗದಿದ್ದರೆ ಫೋನು. ಲೈನಲ್ಲಿ ನಿಂತರೆ ಸರದಿ. ಲೈನಿಗೆ ಬಂದರೆ, ದಾರಿ ತಪ್ಪಿದ್ದ ಹುಡುಗ ಸರಿಹೋದ ಅಂತ. ಇನ್ನು ಲೈನ್ ಹೊಡೆದರೆ? ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ಅಂಗಡಿಯ ಲೈನು. ಮನೆಗೆ ಬರುವ ಎರಡು ತಂತಿಯಲ್ಲಿ ಒಂದು ನ್ಯೂಟ್ರಲ್, ಇನ್ನೊಂದು ಫೇಸ್. ನಮ್ಮ ಹುಡುಗರು ಫೇಸಿಗೆ ಲೈನ್ ಅಂತಲೇ ಹೇಳುತ್ತಾರೆ. ಟೆಸ್ಟರ್ ಹಚ್ಚಿ ‘ಲೈನ್ ಬರ್ತಾ ಇದೆ’ ಅಂದರೆ ಬೆರಳು ದೂರ ಇಡಿ ಅಂತ ಅರ್ಥ. ತೋಟದ ಪಂಪ್‌ಸೆಟ್ಟಿಗೆ ಹೋದರೆ ಮೂರು ಲೈನ್. ಮೋಟರಿನ ತಗಡಿನ ಮೇಲೆ 415 ವೋಲ್ಟ್ ಅಂತ ಕೆತ್ತಿರುತ್ತದಲ್ಲ, ಅದು ಒಂದು ಲೈನಿಗೂ ಇನ್ನೊಂದು ಲೈನಿಗೂ ನಡುವಿನ ಲೆಕ್ಕ. ಮಳೆಗಾಲದಲ್ಲಿ ಕೊಂಬೆ ಬಿದ್ದು ಒಂದು ಲೈನ್ ಹೋದರೆ ಮೋಟರ್ ತಿರುಗೋಕಾಗದೆ ಗೊಂಯ್ ಅನ್ನುತ್ತದೆ. ಆ ಸದ್ದು ಕೇಳಿಯೂ ಸ್ವಿಚ್ ತೆಗೆಯದಿದ್ದರೆ ಕಾಯಿಲ್ ಸುಟ್ಟ ವಾಸನೆ ಮನೆತನಕ ಬರುತ್ತದೆ. ನನ್ನ ಸ್ವಂತ ತೋಟದಲ್ಲೇ ಹೀಗೆ ಒಂದು ಮೋಟರ್ ಸುಟ್ಟುಕೊಂಡಿದ್ದೇನೆ. ಊರಿಗೆಲ್ಲ ಬುದ್ಧಿ ಹೇಳುವವನು ನಾನು!

ಇಲ್ಲಿ ಒಂದು ತಮಾಷೆ ಗಮನಿಸಿ. ತಂತಿಗೂ ಲೈನ್, ತಂತಿಯೊಳಗೆ ಹರಿಯುವುದಕ್ಕೂ ಲೈನ್. ‘ಲೈನ್ ಕಡಿದು ಬಿದ್ದಿದೆ, ಅದರಲ್ಲಿ ಲೈನ್ ಇದೆಯೋ ಇಲ್ಲವೋ ಗೊತ್ತಿಲ್ಲ’ ಅಂತ ಫೋನ್ ಮಾಡುತ್ತಾರೆ. ಕೇಳಿದವರಿಗೆ ಒಂದು ಚೂರೂ ಗೊಂದಲ ಆಗುವುದಿಲ್ಲ. ನಾನು ‘ಇದೆ ಅಂತಲೇ ತಿಳಿದು ದೂರ ನಿಲ್ಲಿ’ ಅನ್ನುತ್ತೇನೆ. ಕಂಬ ಹತ್ತುವವರಿಗೆ ಇಲಾಖೆಯ ಕಾಗದದಲ್ಲಿ ಈಗ ಪವರ್‌ಮ್ಯಾನ್ ಅಂತ ಹೆಸರು. ಆದರೆ ಊರಿನ ಬಾಯಲ್ಲಿ ಅವರು ಇಂದಿಗೂ ಲೈನ್‌ಮ್ಯಾನೇ.

ಈಗ ನಿಮ್ಮನ್ನು ಕಾಡಿದ ‘ಲೈನ್ ಕ್ಲಿಯರ್’. ಇದು ನಿಜಕ್ಕೂ ಸ್ವಾರಸ್ಯದ್ದು.

ನಮ್ಮ ಅಕ್ಕನ ಗಂಡ ರೈಲ್ವೆಯಲ್ಲಿ ಕೆಲಸ ಮಾಡುವವರು, ಕುಮಟಾ ಕಡೆ. ಒಮ್ಮೆ ದೀಪಾವಳಿಗೆ ಮನೆಗೆ ಬಂದಿದ್ದರು. ಹಬ್ಬದ ಮಾರನೇ ದಿನವೇ ನನಗೊಂದು ತುರ್ತು ಕೆಲಸ, ಪಕ್ಕದ ಹಳ್ಳಿಯಲ್ಲಿ ಕಂಬ ಬದಲಿಸೋದು. ಸುಮ್ನೆ ನೋಡೋಣ ಅಂತ ಭಾವನೂ ಜೊತೆಗೆ ಬಂದರು. ಎಲ್ಲರೂ ಕಂಬದ ಬುಡದಲ್ಲಿ ಕಾಯುತ್ತಿದ್ದೆವು. ಫೋನ್ ಬಂತು. ನಾನು ‘ಲೈನ್ ಕ್ಲಿಯರ್ ಸಿಕ್ತು, ಹತ್ತೋ’ ಅಂದೆ. ಹುಡುಗ ಹಗ್ಗ ಬಿಗಿದುಕೊಂಡ. ಭಾವ ಹೌಹಾರಿದರು. ‘ಏ ಮಾರಾಯಾ, ಲೈನ್ ಕ್ಲಿಯರ್ ಸಿಕ್ಕಿತು ಅಂದ್ರೆ ಗಾಡಿ ಬರ್ತದೆ! ಆಗ ಲೈನ್ ಮೇಲಿಂದ ಇಳಿಬೇಕೋ, ಹತ್ತಬೇಕೋ?’

ಇಬ್ಬರ ಮಾತೂ ಸರಿಯೇ. ರೈಲಿನವರ ಲೆಕ್ಕದಲ್ಲಿ, ಮುಂದಿನ ಸ್ಟೇಶನ್ನಿನವರು ನಡುವಿನ ಹಳಿ ಖಾಲಿ ಇದೆ, ಗಾಡಿ ಬಿಡಬಹುದು ಅಂತ ಕೊಡುವ ಒಪ್ಪಿಗೆ ಲೈನ್ ಕ್ಲಿಯರ್. ಕೊಂಕಣ ರೈಲ್ವೆಯ ಬಹುಭಾಗ ಒಂದೇ ಜೋಡಿ ಹಳಿ. ಎದುರಿನಿಂದಲೂ ಅದರ ಮೇಲೇ ಗಾಡಿ ಬರಬೇಕು. ಆದ್ದರಿಂದ ಈ ಒಪ್ಪಿಗೆ ಇಲ್ಲದೆ ಚಕ್ರ ಉರುಳುವಂತಿಲ್ಲ. ಕರೆಂಟಿನವರ ಲೆಕ್ಕ ಪೂರ್ತಿ ಉಲ್ಟಾ. ಲೈನಿನಲ್ಲಿ ಕರೆಂಟ್ ತೆಗೆದಿದ್ದೇವೆ, ಕೆಲಸದವರು ಮುಟ್ಟಬಹುದು ಅಂತ ಸಬ್‌ಸ್ಟೇಶನ್ನಿನವರು ಕೊಡುವ ಒಪ್ಪಿಗೆ ಲೈನ್ ಕ್ಲಿಯರ್. ಬಾಯಲ್ಲಿ ಎಲ್‌ಸಿ ಅನ್ನುತ್ತೇವೆ. ಯಾರ ಹೆಸರಿಗೆ ಎಲ್‌ಸಿ ತಗೊಂಡಿರುತ್ತೋ ಅವರೇ ಕೆಲಸ ಮುಗಿಸಿ, ಎಲ್ಲರೂ ಕೆಳಗೆ ಇಳಿದರು ಅಂತ ನೋಡಿ, ವಾಪಸ್ ಕೊಡಬೇಕು. ಅಲ್ಲಿಯವರೆಗೆ ಸ್ವಿಚ್ ಏರಿಸುವಂತಿಲ್ಲ. ಅವರಲ್ಲಿ ಬಾ ಅನ್ನೋದಕ್ಕೆ ಲೈನ್ ಕ್ಲಿಯರ್, ನಮ್ಮಲ್ಲಿ ಬರಬೇಡ ಅನ್ನೋದಕ್ಕೆ ಲೈನ್ ಕ್ಲಿಯರ್. ಎರಡಕ್ಕೂ ತಳದಲ್ಲಿರುವ ಅರ್ಥ ಒಂದೇ: ದಾರಿ ಖಾಲಿ ಇದೆ.

ಎಲ್‌ಸಿ ಸಿಕ್ಕರೂ ನಾವು ತಂತಿಗೆ ಅರ್ತಿಂಗ್ ರಾಡ್, ಅಂದರೆ ತಂತಿಯನ್ನು ನೆಲಕ್ಕೆ ಜೋಡಿಸುವ ಸಲಾಕೆ, ಹಾಕದೆ ಕೈ ಹಚ್ಚುವುದಿಲ್ಲ. ಯಾರೋ ಮನೆಯಲ್ಲಿ ಮೇನ್ ತೆಗೆಯದೆ ಜನರೇಟರ್ ಹಚ್ಚಿದರೆ ಅಲ್ಲಿಂದ ಲೈನ್ ಹಿಂದಕ್ಕೆ ಬರುತ್ತದೆ. ನೀವೂ ಜನರೇಟರ್ ಇಟ್ಟಿದ್ದರೆ ದಯವಿಟ್ಟು ಇದೊಂದು ನೆನಪಿಡಿ. ಪದದ ಅರ್ಥ ಕೇಳಿದವರಿಗೆ ಇದೆಂಥ ಪಾಠ ಅನ್ನಬೇಡಿ, ಕಂಬದ ಮೇಲೆ ಇರೋದು ನಮ್ಮ ಹುಡುಗರು.

ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿ ತೆರೆದಾಗ ಅಲ್ಲಿ ಇದ್ದದ್ದು ಕೆಳಗಿನ ಲೈನ್ ಮಾತ್ರ. 2022ರ ಹೊತ್ತಿಗೆ ಅದರ ಮೇಲೆ 25,000 ವೋಲ್ಟಿನ ತಂತಿಯೂ ಬಂತು. ಈಗ ನಮ್ಮ ಭಾವನ ತಲೆ ಮೇಲೂ ಲೈನ್, ಕಾಲ ಕೆಳಗೂ ಲೈನ್. ಇನ್ನೊಂದು ಕಡೆ ಹುಬ್ಬಳ್ಳಿ–ಅಂಕೋಲಾ ಲೈನ್ ಅಂತ ಇದೆ. ಇದೆ ಅಂದೆನಾ? ದಶಕಗಳಿಂದ ಬಾಯಲ್ಲಿ ಮಾತ್ರ ಇದೆ. ಹಳಿ ಬೀಳದಿದ್ದರೂ ಲೈನ್ ಅನ್ನೋ ಹೆಸರು ಗಟ್ಟಿಯಾಗಿ ಕೂತಿದೆ.

‘ನಾಳೆ ಅಂಕೋಲಾ ಲೈನ್’ ಅಂದದ್ದು ಬಹುಶಃ ಅಂಗಡಿಗಳಿಗೆ ಸಾಮಾನು ಹಾಕುವ ಗಾಡಿಯವರು. ಬಿಸ್ಕತ್ತು, ಸೋಪು, ಬೀಡಿ ತುಂಬಿಕೊಂಡು ಸೋಮವಾರ ಒಂದು ದಾರಿ, ಮಂಗಳವಾರ ಇನ್ನೊಂದು ದಾರಿ ಅಂತ ಹೊರಡುತ್ತಾರೆ. ಅದಕ್ಕೆ ಲೈನ್ ಸೇಲ್ ಅಂತ ಹೆಸರು. ‘ಅವನು ಲೈನಿಗೆ ಹೋಗಿದ್ದಾನೆ’ ಅಂದರೆ ಗಾಡಿ ತಗೊಂಡು ವ್ಯಾಪಾರಕ್ಕೆ ಹೋಗಿದ್ದಾನೆ ಅಂತ. ನಾನು ಯಾರಿಗಾದರೂ ಹಾಗೆ ಹೇಳಿದರೆ ಮಾತ್ರ ಅವನು ಕಂಬದ ಮೇಲಿದ್ದಾನೆ ಅಂತ ಅರ್ಥ. ಹೇಳುವವರು ಯಾರು ಅನ್ನೋದೂ ಮುಖ್ಯ, ಅಲ್ವಾ?

ಇಷ್ಟೆಲ್ಲ ಒಂದೇ ಪದಕ್ಕೆ ಹೇಗೆ ಬಂತು? ನನಗೂ ಕುತೂಹಲ ಇತ್ತು. ನಿಘಂಟು ತೆಗೆದು ನೋಡಿದಾಗ ಗೊತ್ತಾದದ್ದು, ಅದರ ಮೂಲದಲ್ಲಿ ಗೆರೆ ಇಲ್ಲ, ದಾರ ಇದೆ. ಲ್ಯಾಟಿನ್ನಿನಲ್ಲಿ ಲೀನಮ್ ಅಂದರೆ ಅಗಸೆ. ಹೌದು, ಹುಬ್ಬಳ್ಳಿ ಕಡೆಯವರು ಚಟ್ನಿಪುಡಿ ಮಾಡುವ ಅದೇ ಅಗಸಿ. ಆ ಗಿಡದ ನಾರಿನಿಂದ ಹೊಸೆದ ದಾರ ಲೀನಿಯಾ. ಅದೇ ಮುಂದೆ ಇಂಗ್ಲಿಷಿನಲ್ಲಿ ಲೈನ್ ಆಯಿತು. ಲಿನನ್ ಬಟ್ಟೆಯೂ ಅದರ ಬಳಗವೇ. ಕೋಟಿನ ಒಳಗೆ ಲಿನನ್ ಕೊಟ್ಟು ಹೊಲಿಯುತ್ತಿದ್ದರಿಂದ ಅದು ಲೈನಿಂಗ್ ಆಯಿತು. ಟೇಲರ್ ‘ಅಕ್ಕಾ, ಲೈನಿಂಗ್ ಬ್ಲೌಸಿಗೆ ರೇಟ್ ಜಾಸ್ತಿ’ ಅಂದಾಗಲೂ ಗ್ಯಾರೇಜಿನವನು ‘ಬ್ರೇಕ್ ಲೈನರ್ ಸವೆದಿದೆ’ ಅಂದಾಗಲೂ ಮಾತಿನ ತುದಿಯಲ್ಲಿ ಅಗಸೆ ಗಿಡ ಇರುತ್ತದೆ.

ಆ ಹಳೆಯ ದಾರವನ್ನು ಕಣ್ಣಾರೆ ನೋಡಬೇಕಾದರೆ ನಿಮ್ಮ ಬೀದಿಯಲ್ಲಿ ಚಿರೇಕಲ್ಲಿನ ಗೋಡೆ ಏರುವಾಗ ಹೋಗಿ ನಿಲ್ಲಿ. ಗೌಂಡಿ ಮೊದಲು ಎರಡು ಮೂಲೆಗೆ ಎರಡು ಕಲ್ಲು ಕೂರಿಸುತ್ತಾನೆ. ಆಮೇಲೆ ನಡುವೆ ದಾರ ಬಿಗಿಯುತ್ತಾನೆ. ಹೆಬ್ಬೆರಳಲ್ಲಿ ಒಮ್ಮೆ ಮೀಟುತ್ತಾನೆ. ಟಂಯ್ ಅಂದರೆ ಬಿಗಿ ಸರಿ ಇದೆ. ಆಮೇಲೆ ಪ್ರತಿ ಕಲ್ಲೂ ಆ ದಾರಕ್ಕೆ ತಾಗಿಯೂ ತಾಗದಂತೆ ಕೂರಬೇಕು. ಕಲ್ಲು ಮುಂದೆ ಬಂದರೆ ‘ಲೈನ್ ತಪ್ಪಿತು’ ಅನ್ನುತ್ತಾನೆ. ನನಗಂತೂ ಈ ಪದದ ಎಲ್ಲ ಅರ್ಥವೂ ಆ ಬಿಗಿದ ದಾರದಲ್ಲೇ ಕಾಣುತ್ತದೆ. ಎರಡು ತುದಿ, ನಡುವೆ ಎಳೆದದ್ದು ಒಂದು. ತಂತಿಯೂ ಹಾಗೇ, ಹಳಿಯೂ ಹಾಗೇ, ಅಬ್ಬಿ ನೀರನ್ನು ಗುಡ್ಡದಿಂದ ತೋಟಕ್ಕೆ ಇಳಿಸುವ ಪೈಪ್‌ಲೈನೂ ಹಾಗೇ.

ಹಾಗಂತ ಕನ್ನಡದವರು ಸಿಕ್ಕಿದ್ದಕ್ಕೆಲ್ಲ ಲೈನ್ ಅನ್ನುವುದಿಲ್ಲ. ತೋಟದಲ್ಲಿ ಒಂಬತ್ತು ಅಡಿಗೊಂದರಂತೆ ನೆಟ್ಟದ್ದು ಅಡಿಕೆ ಸಾಲು. ಅದಕ್ಕೆ ಅಡಿಕೆ ಲೈನ್ ಅಂದವರನ್ನು ನಾನು ಕಂಡಿಲ್ಲ. ಅಂಗೈಯಲ್ಲಿರುವುದು ರೇಖೆ. ಮದುವೆಮನೆಯಲ್ಲಿ ಊಟಕ್ಕೆ ಕೂರುವುದು ಪಂಕ್ತಿಯಲ್ಲಿ. ಪದ್ಯದಲ್ಲಿ ಬರುವುದು ಸಾಲು. ಇರುವೆ ಹೋಗುವುದೂ ಸಾಲಿನಲ್ಲೇ. ನನ್ನ ಅನಿಸಿಕೆ ಇಷ್ಟು: ನಮ್ಮಲ್ಲಿ ಮೊದಲೇ ಇದ್ದದ್ದಕ್ಕೆ ನಮ್ಮ ಪದವೇ ಉಳಿಯಿತು. ಕಂಬ, ಹಳಿ, ಫೋನು ಇವುಗಳ ಬೆನ್ನು ಹತ್ತಿ ಬಂದದ್ದಕ್ಕೆ ಲೈನ್ ಅಂಟಿಕೊಂಡಿತು. ಕಬಡ್ಡಿ ಅಂಗಳ ನೋಡಿ. ಸುಣ್ಣದ ಪುಡಿಯಲ್ಲಿ ಹುಡುಗರು ಎಳೆಯುವುದು ಗೆರೆ. ಆಟ ಶುರುವಾದ ಮೇಲೆ ಪಾಯಿಂಟ್ ಸಿಗೋದು ಬೋನಸ್ ಲೈನ್ ದಾಟಿದರೆ!

ಸರದಿಯಲ್ಲಿ ಮಾತ್ರ ಜಗಳ ಇದೆ. ರೇಷನ್ ಅಂಗಡಿ ಮುಂದೆ ಶಿರಸಿಯಲ್ಲಿ ಲೈನ್, ಹುಬ್ಬಳ್ಳಿ ಕಡೆ ಹೋದರೆ ಪಾಳಿ. ನನ್ನ ಕಿವಿಗೆ ಪಾಳಿ ಹೆಚ್ಚು ಚಂದ.

ಇನ್ನು ಲೈನ್ ಹೊಡೆಯೋದು. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ‘ಸ್ಕೇಲ್ ಇಟ್ಟು ಲೈನ್ ಹೊಡಿರಿ’ ಅಂದರೆ ಪುಸ್ತಕದ ಅಂಚಿಗೆ ಪೆನ್ಸಿಲ್ ಗೆರೆ. ಅದೇ ಮಾತು ಕಾಲೇಜಿಗೆ ಹೋಗುವ ಹೊತ್ತಿಗೆ ಬೇರೆಯದೇ ಆಗುತ್ತದೆ. ಹುಡುಗಿಯ ಕಡೆ ನೋಡುತ್ತ ಬಸ್‌ಸ್ಟ್ಯಾಂಡಿನಲ್ಲಿ ಮೂರು ಬಸ್ಸು ಬಿಡುವುದಕ್ಕೂ ಲೈನ್ ಹೊಡೆಯೋದು ಅಂತಲೇ ಹೆಸರು. ಹಿಂದಿಯ ‘ಲೈನ್ ಮಾರ್ನಾ’ ಇದರದೇ ಜೋಡಿ. ಕಾರವಾರಕ್ಕೆ ಹೊಸಬರು ಅಂದಿರಿ, ಆಫೀಸಿನಲ್ಲಿ ‘ಈ ಕಾಗದಕ್ಕೆ ಒಂದು ಲೈನ್ ಹೊಡೀತೀರಾ ಮೇಡಂ’ ಅಂತ ಕೇಳುವ ಮೊದಲು ಸುತ್ತ ಯಾರಿದ್ದಾರೆ ನೋಡಿಕೊಳ್ಳಿ. ಗೆರೆ ಎಳೆಯಿರಿ ಅಂದರೆ ಕ್ಷೇಮ.

ನೀವಿರುವ ಊರಿನಲ್ಲೇ ನೋಡಬಹುದಾದ ಇನ್ನೊಂದು ಲೈನ್ ಇದೆ. ಬೈತ್‌ಖೋಲ್ ಬಂದರಿನಲ್ಲಿ ಸರಕಿನ ಹಡಗು ನಿಂತಾಗ ಅದರ ಹೊಟ್ಟೆಯ ನಡುಭಾಗ ನೋಡಿ. ಒಂದು ಚಕ್ರ, ಅದನ್ನು ಅಡ್ಡಕ್ಕೆ ಸೀಳಿದ ಒಂದು ಗೆರೆ, ಪಕ್ಕದಲ್ಲಿ ಏಣಿಯ ಹಾಗೆ ಚಿಕ್ಕ ಗೆರೆಗಳು ಕಾಣುತ್ತವೆ. ಅದು ಲೋಡ್ ಲೈನ್, ಹೊರೆ ತುಂಬಿದಾಗ ಹಡಗು ಎಲ್ಲಿಯವರೆಗೆ ನೀರಿಗೆ ಇಳಿಯಬಹುದು ಅನ್ನುವ ಗುರುತು. ಬ್ರಿಟನ್ನಿನ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸೋಲ್ ಹಟ ಹಿಡಿದು ಹೋರಾಡಿ 1876ರಲ್ಲಿ ಕಾನೂನು ಮಾಡಿಸಿದ್ದರಿಂದ ಪ್ಲಿಮ್ಸೋಲ್ ಲೈನ್ ಅಂತಲೂ ಕರೆಯುತ್ತಾರೆ. ಅದಕ್ಕೂ ಮೊದಲು ಆಸೆಬುರುಕ ಮಾಲೀಕರು ಹೊರೆ ಜಾಸ್ತಿ ತುಂಬಿ, ಹಡಗಿನ ಜೊತೆ ಜನರನ್ನೂ ಮುಳುಗಿಸುತ್ತಿದ್ದರು. ಚಿಕ್ಕ ಗೆರೆಗಳು ಉಷ್ಣವಲಯ, ಬೇಸಿಗೆ, ಚಳಿಗಾಲ, ಸಿಹಿನೀರು ಹೀಗೆ ಬೇರೆ ಬೇರೆ. ಚಳಿಗಾಲದ ಒರಟು ಕಡಲಿಗೆ ಕಡಿಮೆ ಹೊರೆ, ನಮ್ಮಂಥ ಬೆಚ್ಚಗಿನ ಕಡಲಿಗೆ ಸ್ವಲ್ಪ ಜಾಸ್ತಿ. ಇದೇ ಹಡಗಿನವರಿಗೆ ಬರೀ ‘ಲೈನ್ ದಾಟಿದೆವು’ ಅಂದರೆ ಭೂಮಧ್ಯರೇಖೆ ದಾಟಿದೆವು ಅಂತ ಅರ್ಥ.

ಡೆಡ್‌ಲೈನ್ ಅನ್ನೋದರ ಹುಟ್ಟು ಮಾತ್ರ ಕೆಟ್ಟದ್ದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಆಂಡರ್ಸನ್‌ವಿಲ್ ಅನ್ನುವ ಸೆರೆಶಿಬಿರದಲ್ಲಿ ಬೇಲಿಗೂ ಒಳಗೆ ಒಂದು ಗಡಿ ಹಾಕಿದ್ದರು. ಅದನ್ನು ದಾಟಿದ ಕೈದಿಗೆ ಗುಂಡು. ಆ ಗಡಿಗೆ ಇಟ್ಟ ಹೆಸರು ಡೆಡ್‌ಲೈನ್. ಈಗ ಕರೆಂಟ್ ಬಿಲ್ ಕಟ್ಟೋಕೂ ಅದೇ ಪದ. ಆನ್‌ಲೈನ್, ಹೆಡ್‌ಲೈನ್, ಕ್ರಿಕೆಟಿನ ಲೈನ್ ಅಂಡ್ ಲೆಂಗ್ತ್ ಇವೆಲ್ಲ ನಿಮಗೆ ಗೊತ್ತಿದ್ದದ್ದೇ, ಬಿಡುತ್ತೇನೆ.

ನಿಮ್ಮ ಮನೆಯ ಎಲೆಕ್ಟ್ರಿಶಿಯನ್ ‘ಲೈನ್ ಕ್ಲಿಯರ್ ಸಿಕ್ಕಿಲ್ಲ’ ಅಂದಿದ್ದು ಯಾಕೆ ಅಂತ ಈಗ ತಿಳಿಯಿತಲ್ಲ. ಕರೆಂಟ್ ಇನ್ನೂ ಇದೆ, ಆದ್ದರಿಂದ ಕೆಲಸ ಶುರು ಮಾಡಿಲ್ಲ ಅಂತ. ಮುಂದೆ ಯಾವತ್ತಾದರೂ ಬೆಳಿಗ್ಗೆ ‘ಇವತ್ತು ಎಲ್‌ಸಿ ತಗೊಳ್ತಾರೆ’ ಅಂತ ಕಿವಿಗೆ ಬಿದ್ದರೆ ಮೊದಲು ಟ್ಯಾಂಕಿಗೆ ನೀರು ಏರಿಸಿಕೊಳ್ಳಿ, ಮಿಕ್ಸಿ ಕೆಲಸ ಮುಗಿಸಿಕೊಳ್ಳಿ, ಫೋನ್ ಚಾರ್ಜಿಗೆ ಹಾಕಿ. ಸಂಜೆತನಕ ಲೈನ್ ಬರೋದಿಲ್ಲ.