ಮೊದಲೇ ಸೊಂಟನೋವು ಇತ್ತು ಅಂತ ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದೇ?

ನೀವು ಕೇಳಿರುವುದು ಇದು: ವಯಸ್ಸು 45, ಗೋದಾಮಿನಲ್ಲಿ ಲೋಡಿಂಗ್ ಕೆಲಸ, ಸಂಬಳ 24,000. 2025ರ ಮಾರ್ಚ್‌ನಲ್ಲಿ 50 ಕೆಜಿ ಸಿಮೆಂಟ್ ಚೀಲ ಎತ್ತುವಾಗ ಸೊಂಟ ಹಿಡಿದು ಅಲ್ಲೇ ಕುಸಿದಿರಿ. ಎಂಆರ್‌ಐ ವರದಿಯಲ್ಲಿ ‘ಡೀಜನರೇಟಿವ್’ (ಸವೆತದಿಂದ ಆದದ್ದು) ಎಂಬ ಪದವಿದೆ. ಎರಡು ವರ್ಷದ ಹಿಂದೆ ಸೊಂಟನೋವಿಗೆ ಮಾತ್ರೆ ತೆಗೆದುಕೊಂಡದ್ದೂ ಹೌದು. ಅದನ್ನೇ ಹಿಡಿದು ವಿಮಾ ಕಂಪನಿ ‘ಇದು ಹಳೆಯ ಕಾಯಿಲೆ’ ಅನ್ನುತ್ತಿದೆ.

ಬರೀ ಆ ಕಾರಣಕ್ಕೆ ನಿರಾಕರಿಸಲು ಬರುವುದಿಲ್ಲ. ನೌಕರರ ಪರಿಹಾರ ಕಾಯ್ದೆ, 1923ರ 3ನೇ ಕಲಂ ನೋಡುವುದು ಕೆಲಸದ ವೇಳೆಯಲ್ಲಿ, ಕೆಲಸದಿಂದಲೇ ಉಂಟಾದ ಅಪಘಾತದಿಂದ ಪೆಟ್ಟಾಯಿತೇ ಎಂಬುದನ್ನು. ಕೆಲಸಗಾರನ ಮೈ ಮೊದಲು ಗಟ್ಟಿಮುಟ್ಟಾಗಿರಬೇಕು ಎಂಬ ಷರತ್ತು ಅದರಲ್ಲಿಲ್ಲ. (2025ರ ನವೆಂಬರ್ 21ರಿಂದ ಈ ಕಾಯ್ದೆಯ ಬದಲು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ನಿಮ್ಮ ಅಪಘಾತ ಅದಕ್ಕೂ ಹಿಂದಿನದು, ಹಾಗಾಗಿ ನಿಮ್ಮ ಹಕ್ಕು ಹುಟ್ಟಿದ್ದು ಹಳೆಯ ಕಾಯ್ದೆಯಡಿ.)

ಈ ವಾದಕ್ಕೆ ಬೇರು ಬಹಳ ಹಳೆಯದು. 1910ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಕ್ಲೋವರ್ ಕ್ಲೇಟನ್ ಪ್ರಕರಣದಲ್ಲಿ ಒಬ್ಬ ಕೆಲಸಗಾರ ಸ್ಪ್ಯಾನರ್ ಹಿಡಿದು ನಟ್ ಬಿಗಿ ಮಾಡುವಾಗ ಸತ್ತ. ಅವನ ಎದೆಯ ರಕ್ತನಾಳ ಆಗಲೇ ಉಬ್ಬಿ ತೆಳ್ಳಗಾಗಿತ್ತು. ನಿದ್ದೆಯಲ್ಲಿದ್ದರೂ ಒಡೆಯಬಹುದಿತ್ತು ಎಂಬ ವೈದ್ಯಕೀಯ ಸಾಕ್ಷ್ಯವೂ ಬಂತು. ಆದರೂ ಪರಿಹಾರ ಸಿಕ್ಕಿತು, ಏಕೆಂದರೆ ಅದನ್ನು ಒಡೆದದ್ದು ಆ ಹೊತ್ತಿನ ಕೆಲಸದ ಬಿಗಿತ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಲಾರಿ ಕ್ಲೀನರ್ ಒಬ್ಬನಿಗೆ ಕೆಲಸದಲ್ಲಿದ್ದಾಗ ಹೃದಯಾಘಾತವಾದ ಪ್ರಕರಣದಲ್ಲಿ, ಕೆಲಸದ ಒತ್ತಡಕ್ಕೂ ಸಾವಿಗೂ ಕೊಂಡಿ ತೋರಿಸಲಿಲ್ಲ ಅಂತ ಸುಪ್ರೀಂ ಕೋರ್ಟ್ ಪರಿಹಾರ ಕೊಡಲಿಲ್ಲ. ಡ್ಯೂಟಿಯಲ್ಲಿ ಇದ್ದೆ ಅಂದರೆ ಸಾಲದು, ಆ ಕೊಂಡಿ ಬೇಕು. ನಿಮ್ಮ ಕೇಸಿನಲ್ಲಿ ಕೊಂಡಿ ಅಂದರೆ ಆ ಚೀಲ.

ಕೊಂಡಿ ಕಳಚುವುದು ಹೆಚ್ಚಾಗಿ ಆಸ್ಪತ್ರೆಯ ಮೊದಲ ಚೀಟಿಯಲ್ಲಿ. ಅದರಲ್ಲಿ ‘ಭಾರ ಎತ್ತುವಾಗ ನೋವು ಶುರು’ ಅಂತ ಬರೆದಿದೆಯೋ, ‘6 ತಿಂಗಳಿಂದ ಸೊಂಟನೋವು’ ಅಂತಲೋ ಅಥವಾ ‘ಮನೆಯಲ್ಲಿ ಜಾರಿಬಿದ್ದದ್ದು’ ಅಂತಲೋ? ಸೂಪರ್‌ವೈಸರ್ ಜೊತೆಯಲ್ಲಿ ಬಂದು ಏನೋ ಒಂದು ಬರೆಸಿ ಹೋಗುವುದು ಮಾಮೂಲು. ಡಿಸ್ಚಾರ್ಜ್ ಸಮರಿ ಒಂದನ್ನೇ ನಂಬಬೇಡಿ, ಪೂರ್ತಿ ಕೇಸ್ ಶೀಟಿನ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ತಪ್ಪಾಗಿ ಬರೆದಿದ್ದರೆ ಆ ಹಾಳೆಯನ್ನು ತಿದ್ದಿಸಲು ಹೋಗಬೇಡಿ. ತಿದ್ದಿದ ಗುರುತು ಕಂಡರೆ ಉಳಿದ ದಾಖಲೆಯ ಮೇಲೂ ಅನುಮಾನ ಬರುತ್ತದೆ. ಪಕ್ಕದಲ್ಲಿದ್ದ ಹಮಾಲಿಯ ಸಾಕ್ಷ್ಯ, ಆ ದಿನದ ಲೋಡಿಂಗ್ ರಿಜಿಸ್ಟರ್, ನೀವು ಕಳಿಸಿದ ವಾಟ್ಸ್ಯಾಪ್ ಸಂದೇಶ, ಇವುಗಳಿಂದ ವಿವರಿಸಿ.

ಹಳೆಯ ನೋವನ್ನು ಮುಚ್ಚಿಡಬೇಡಿ. ಪಾಟಿಸವಾಲಿನಲ್ಲಿ ‘ಹಿಂದೆ ಯಾವ ತೊಂದರೆಯೂ ಇರಲಿಲ್ಲ’ ಅಂದುಬಿಟ್ಟ ಮೇಲೆ ಎದುರಿನ ವಕೀಲರು ಆ ಮಾತ್ರೆ ಚೀಟಿ ತೆಗೆದರೆ ನೋವಿನ ವಾದದ ಜೊತೆ ನಿಮ್ಮ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಅರ್ಜಿಯಲ್ಲೇ ಹೇಳಿ: ಎರಡು ವರ್ಷದ ಹಿಂದೆ ನೋವಿತ್ತು, ಮಾತ್ರೆಯಲ್ಲಿ ಕಡಿಮೆಯಾಯಿತು, ಆಮೇಲೆ ಪೂರ್ತಿ ಕೆಲಸ ಮಾಡಿದ್ದೇನೆ. ಹಿಂದಿನ 12 ತಿಂಗಳ ಹಾಜರಾತಿ, ಪೇ ಸ್ಲಿಪ್ ಲಗತ್ತಿಸಿ. ದಿನವೂ ಚೀಲ ಹೊತ್ತಿದ್ದ ಸೊಂಟ ಆ ದಿನದ ನಂತರ ಹೊರಲಾರದಾಯಿತು ಎಂಬುದನ್ನು ಆ ರಿಜಿಸ್ಟರೇ ಹೇಳಲಿ.

ಮುಂದಿನದು ವೈದ್ಯರ ಸಾಕ್ಷ್ಯ. ಎಂಆರ್‌ಐನಲ್ಲಿ ಡಿಸ್ಕ್ ಒಣಗಿರುವುದು, ಎಲುಬಿನ ಮುಳ್ಳು ಬೆಳೆದಿರುವುದು ವಯಸ್ಸಿನ ಸವೆತ. ನೋವೇ ಇಲ್ಲದ 45ರವರಲ್ಲೂ ಕಾಣುತ್ತದೆ. ಡಿಸ್ಕ್ ಹೊರಚಾಚಿ ನರ ಒತ್ತುತ್ತಿದೆಯೇ, ಕಾಲಿಗೆ ಸೆಳೆತ ಆ ದಿನದಿಂದಲೇ ಶುರುವಾಯಿತೇ ಎಂಬುದು ಬೇರೆ ಮಾತು. ಎದುರಿನವರು ‘ಇದು ಡೀಜನರೇಟಿವ್ ಹೌದೋ ಅಲ್ಲವೋ?’ ಅಂತ ಕೇಳುತ್ತಾರೆ, ವೈದ್ಯರು ‘ಹೌದು’ ಅಂದು ಇಳಿದುಬಿಡುತ್ತಾರೆ. ಅದಕ್ಕೇ ಮುಖ್ಯ ವಿಚಾರಣೆಯಲ್ಲೇ (ನಿಮ್ಮ ವಕೀಲರು ಮೊದಲು ಪ್ರಶ್ನೆ ಕೇಳುವಾಗ) ಎರಡು ಪ್ರಶ್ನೆ ಬರಲೇಬೇಕು: ಸವೆತವಿದ್ದರೂ ಈ ಭಾರದಿಂದ ಅದು ಉಲ್ಬಣಿಸಿತೇ? ಈಗ ಈತ ಎಷ್ಟು ಕೆಜಿ ಎತ್ತಬಲ್ಲ? ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಕರೆಸಿ. ಬರೀ ಸರ್ಟಿಫಿಕೇಟಿಗಾಗಿ ನೋಡಿದ ವೈದ್ಯರ ಮಾತು ಪಾಟಿಸವಾಲಿನಲ್ಲಿ ನಿಲ್ಲುವುದು ಕಷ್ಟ.

ಈಗ ಹಣದ ಲೆಕ್ಕ. ಸಂಬಳ 24,000 ಇದ್ದರೂ ಈ ಕಾಯ್ದೆಯಡಿ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಮಿತಿ 15,000. ಅದರ 60% ಅಂದರೆ 9,000. ವಯಸ್ಸಿಗೆ ತಕ್ಕಂತೆ ಕಾಯ್ದೆಯ ಪಟ್ಟಿಯಲ್ಲಿ ಕೊಟ್ಟಿರುವ ಗುಣಕ 45 ವರ್ಷಕ್ಕೆ 169.44. ಗುಣಿಸಿದರೆ 15,24,960. ಗಳಿಕೆ ಸಾಮರ್ಥ್ಯ 20% ನಷ್ಟ ಅಂತಾದರೆ 3,04,992. 35% ಅಂತಾದರೆ 5,33,736. ದೇಹದ ಅಂಗವೈಕಲ್ಯದ ಶೇಕಡಾವಾರು ಬೇರೆ, ಗಳಿಕೆ ನಷ್ಟ ಬೇರೆ. ಎಡಗೈ ಕಳೆದುಕೊಂಡ ಬಡಗಿಗೆ ಬಡಗಿ ಕೆಲಸ ಮಾಡಲಾಗದು ಅಂತ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಷ್ಟವನ್ನು 100% ಅಂತ ಎತ್ತಿಹಿಡಿಯಿತು. ಭಾರ ಹೊರುವುದೇ ಕಸುಬಾದ ನಿಮಗೂ ಈ ವಾದ ಹೊಂದುತ್ತದೆ, ಆದರೆ ಆ ಅಂದಾಜು ವೈದ್ಯರ ಬಾಯಿಂದಲೇ ಬರಬೇಕು. ಚಿಕಿತ್ಸೆಯ ವಾಸ್ತವ ಖರ್ಚು ಇದಕ್ಕೆ ಹೊರತು, ಬಿಲ್ಲುಗಳನ್ನು ಇಟ್ಟುಕೊಳ್ಳಿ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12% ಬಡ್ಡಿ, ಸಕಾರಣವಿಲ್ಲದ ತಡಕ್ಕೆ 50%ವರೆಗೆ ದಂಡ.

ಅರ್ಜಿ ಹಾಕಲು ಅಪಘಾತದಿಂದ 2 ವರ್ಷ, ಅಂದರೆ 2027ರ ಮಾರ್ಚ್‌ವರೆಗೆ ಕಾಲವಿದೆ. ಅರ್ಜಿ ಹಾಕುವುದು ಈ ಕಾಯ್ದೆಯಡಿಯ ಕಮಿಷನರ್ ಬಳಿ; ಕರ್ನಾಟಕದಲ್ಲಾದರೆ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ವಿಚಾರಿಸಿ. ಅದಕ್ಕೂ ಮೊದಲು ಅಪಘಾತವಾದ ಮಾರ್ಚ್‌ನ ಪೇ ಸ್ಲಿಪ್ ತೆಗೆದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇದೆಯೇ ನೋಡಿ. ಇಎಸ್‌ಐಗೆ ಸಂಬಳದ ಮಿತಿ 21,000 ಆದರೂ ಅಕ್ಟೋಬರ್ ನಂತರ ಸಂಬಳ ಏರಿದ್ದರೆ ಮಾರ್ಚ್ ಕೊನೆಯವರೆಗೆ ಕಡಿತ ಮುಂದುವರಿಯುತ್ತದೆ. ಕಡಿತವಿದ್ದರೆ ಈ ಕಾಯ್ದೆಯ ದಾರಿ ಮುಚ್ಚುತ್ತದೆ. ಇಎಸ್‌ಐ ಮೆಡಿಕಲ್ ಬೋರ್ಡಿಗೇ ಹೋಗಬೇಕು.

ನೀವು ಅಪಘಾತದ ನೋಟಿಸ್ ಕೊಟ್ಟ 3 ದಿನದೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ವೈದ್ಯರಿಂದ ಪರೀಕ್ಷೆ ಮಾಡಿಸುತ್ತೇವೆ ಅಂದರೆ ಹೋಗಿ ಬನ್ನಿ, ನಿರಾಕರಿಸಿದರೆ ಪರಿಹಾರದ ಹಕ್ಕು ಅಷ್ಟು ದಿನ ಅಮಾನತಿನಲ್ಲಿರುತ್ತದೆ. ಆದರೆ ‘ಹಳೆಯ ಕಾಯಿಲೆ, ಮಾನವೀಯತೆಯಿಂದ 50,000 ಪಡೆದಿದ್ದೇನೆ’ ಎಂಬ ಬಾಂಡ್ ಪೇಪರ್ ಮುಂದಿಟ್ಟರೆ ಸಹಿ ಬೇಡ. ಆಗಲೇ ಹಾಕಿದ್ದರೂ ಹೆದರಬೇಡಿ: ಕಮಿಷನರ್ ಬಳಿ ನೋಂದಣಿಯಾಗದ ಅಂಥ ಒಪ್ಪಂದ ಮಾಲೀಕರನ್ನು ಪೂರ್ತಿ ಹೊಣೆಯಿಂದ ಬಿಡಿಸುವುದಿಲ್ಲ.