ಕಾಮೆಟ್ ಪರೀಕ್ಷೆ ಒಂದೇ ಸಾಲದು

ಕಾಸರಗೋಡಿನ ಬದಿಯಡ್ಕದ ಬಿಸಿಲಿಗೆ ಚರ್ಮದ ಕೋಶಗಳನ್ನಿಟ್ಟು, ಡಿಎನ್‌ಎ ಹಾನಿ ಮತ್ತು ರಿಪೇರಿ ಅಳೆಯಲು ಕಾಮೆಟ್ ಪರೀಕ್ಷೆ ಒಂದೇ ಸಾಕಾ ಅಂತ ಕೇಳಿದ್ದೀರಿ. ಸಾಲದು. ಅದು ಮುಖ್ಯವಾಗಿ ತೋರಿಸುವುದು ಡಿಎನ್‌ಎ ಎಳೆ ತುಂಡಾದದ್ದನ್ನು: ಸ್ಲೈಡಿನ ಮೇಲೆ ಕರೆಂಟ್ ಹಾಯಿಸಿದಾಗ ತುಂಡಾದ ಡಿಎನ್‌ಎ ಧೂಮಕೇತುವಿನ (ಕಾಮೆಟ್) ಬಾಲದಂತೆ ಹೊರಗೆ ಹರಿಯುತ್ತದೆ. ಬಿಸಿಲಿನ ಯುವಿ-ಬಿ ಕಿರಣ ಮಾಡುವ ದೊಡ್ಡ ಹಾನಿಯೇ ಬೇರೆ: ಡಿಎನ್‌ಎಯ ಪಕ್ಕಪಕ್ಕದ ಬೇಸ್‌ಗಳು, ಹೆಚ್ಚಾಗಿ ಥೈಮಿನ್‌ಗಳು, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದೇ ಸಿಪಿಡಿ (ಸೈಕ್ಲೋಬ್ಯೂಟೇನ್ ಪಿರಿಮಿಡಿನ್ ಡೈಮರ್). ಇದರಲ್ಲಿ ಎಳೆ ತುಂಡಾಗದ ಕಾರಣ ಕಾಮೆಟ್ ಪರೀಕ್ಷೆಯಲ್ಲಿ ನೇರವಾಗಿ ಕಾಣುವುದಿಲ್ಲ. ಲೈಸಿಸ್ (ಕೋಶದ ಪೊರೆ ಕರಗಿಸುವ ಹಂತ) ಆದ ಮೇಲೆ ಸ್ಲೈಡಿಗೆ ಟಿ4 ಎಂಡೋನ್ಯೂಕ್ಲಿಯೇಸ್-ವಿ ಕಿಣ್ವ ಹಾಕಿ. ಅದು ಸಿಪಿಡಿ ಇದ್ದಲ್ಲೇ ಕತ್ತರಿಸುತ್ತದೆ, ಕಾಮೆಟ್‌ನ ಬಾಲ ಬೆಳೆಯುತ್ತದೆ. ಕಿಣ್ವ ಹಾಕದ ಸ್ಲೈಡೂ ಜೊತೆಗಿರಲಿ. ಎರಡರ ವ್ಯತ್ಯಾಸವೇ ನಿಮ್ಮ ಲೆಕ್ಕ.

ಬಿಸಿಲಿಗಿಡುವಾಗ ಕೋಶಗಳಿರುವ ಡಿಶ್‌ನ ಮುಚ್ಚಳ ತೆಗೆಯಲೇಬೇಕು! ಅದರ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಯುವಿ-ಬಿಯನ್ನು ಬಹುಪಾಲು ತಡೆಯುತ್ತದೆ. ಮೀಡಿಯಂ (ಕೋಶ ಬೆಳೆಸುವ ದ್ರವ) ಬದಲು ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪಿನ ದ್ರಾವಣ) ಹಾಕಿ. ನಮ್ಮ ಕಡೆ ಅಡಿಕೆ ಒಣಗಿಸುವ ಅಂಗಳದ ಬಿಸಿಲು ಗೊತ್ತಲ್ವಾ, ಕಾವಿಗೇ ಕೋಶ ಸಾಯಬಹುದು. ಡಿಶ್ ತಣ್ಣೀರಿನ ಮೇಲಿಡಿ. ಹೋಲಿಸಿ ನೋಡಲು, ಬೆಳಕು ತಾಗದಂತೆ ಫಾಯಿಲ್ ಸುತ್ತಿದ ಇನ್ನೊಂದು ಡಿಶ್ ಪಕ್ಕದಲ್ಲೇ ಇರಲಿ.

ರಿಪೇರಿ ನೋಡಲು ಒಂದೇ ಹೊತ್ತಿನ ಅಳತೆ ಸುಮ್ನೆ ದಂಡ. ತಕ್ಷಣ, ಆಮೇಲೆ 6, 24, 48 ಗಂಟೆಗೆ ನೋಡಿ. ಸಿಪಿಡಿ ನಿಧಾನಕ್ಕೆ ಹೋಗುತ್ತದೆ, 24 ಗಂಟೆಯಾದರೂ ಒಂದಷ್ಟು ಉಳಿದಿರುತ್ತದೆ. ಅಷ್ಟರಲ್ಲಿ ಕೋಶಗಳು ಒಡೆದು ಎರಡಾದರೆ ಹಾನಿ ಹಂಚಿಹೋಗಿ, ರಿಪೇರಿ ಜಾಸ್ತಿ ಆದಂತೆ ಕಾಣುತ್ತದೆ. ಹಾಗಾಗಿ ಪ್ರತಿ ಸಲವೂ ಕೋಶಗಳನ್ನು ಎಣಿಸಿ ಬರೆದಿಡಿ.